ಸ್ಕೂಬಾ ಕೋರ್ಸ್‌ಗೆ ಎಷ್ಟು ದಿನ ಬೇಕು? ನೇತ್ರಾಣಿಯಲ್ಲಿ ಕಲಿಯಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಸ್ಕೂಬಾ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಉಸಿರಾಡುತ್ತ ಈಜುವುದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಅದನ್ನು ಕಲಿಯಲು, ಓದಿನ ಭಾಗವನ್ನು ಮನೆಯಲ್ಲೇ ಮುಗಿಸಿಕೊಂಡು ಬಂದರೆ ನಾಲ್ಕು ದಿನ. ಓದದೆ ಬಂದರೆ ಐದರಿಂದ ಆರು. ಮೂರು ದಿನದಲ್ಲೂ ಆಗುತ್ತದೆ, ಆದರೆ ಕಿವಿ, ಹೊಟ್ಟೆ, ಗಾಳಿ, ಅಲೆ ಎಲ್ಲವೂ ನಮ್ಮ ಮಾತು ಕೇಳಬೇಕು. ಎರಡು ದಿನದಲ್ಲಿ ಪಾಸಾದ ಪ್ರಮಾಣದ ಕಾರ್ಡ್ ಕೈಗೆ ಕೊಡುತ್ತೇವೆ ಅನ್ನುವವರು ಏನನ್ನೋ ಬಿಟ್ಟಿರುತ್ತಾರೆ, ಇಲ್ಲವೇ ತುರುಕಿರುತ್ತಾರೆ.

ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರಿಗೆ ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನವರು ಮೂರು ದಿನದ ರಜೆ ಸಿಕ್ಕಾಗ ರಾತ್ರಿ ಬಸ್ಸು ಹತ್ತಿ ಬಂದು ಎಲ್ಲವನ್ನೂ ಅಷ್ಟರಲ್ಲೇ ಮುಗಿಸಬೇಕು. ಕಡಲು ಮನೆಬಾಗಿಲಲ್ಲೇ ಇರುವವರು ಹಾಗೆ ಓಡಬೇಕಾಗಿಲ್ಲ. ಓದು ಮಳೆಗಾಲದಲ್ಲಿ, ಈಜುಕೊಳದ ಅಭ್ಯಾಸ ಒಂದು ಶನಿವಾರ-ಭಾನುವಾರ, ಸಮುದ್ರ ಇನ್ನೊಂದು ಶನಿವಾರ-ಭಾನುವಾರ. ಒಟ್ಟು ನೋಡಿದರೆ ಅದೇ ನಾಲ್ಕು ದಿನ, ಆದರೆ ನಡುವೆ ಒಂದು ವಾರ ವಿಶ್ರಾಂತಿ ಸಿಗುತ್ತದೆ. ಈ ಬರಹ ಹೇಳಿಕೊಡುವುದು ಮುಖ್ಯವಾಗಿ ಈ ದಾರಿಯನ್ನೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಮುರುಡೇಶ್ವರಕ್ಕೆ ಹೋಗಿ 'ಸ್ಕೂಬಾ ಮಾಡಿ ಬಂದೆ' ಅನ್ನುವವರಲ್ಲಿ ಹೆಚ್ಚಿನವರು ಮಾಡಿದ್ದು ಟ್ರೈ ಡೈವ್. ಅರ್ಧ ದಿನದ ಕೆಲಸ ಅದು. ಸ್ವಲ್ಪ ವಿವರಣೆ, ದೋಣಿ ಪ್ರಯಾಣ, ಆಮೇಲೆ ತರಬೇತುದಾರರು ಬೆನ್ನ ಹಿಂದಿನ ಸಿಲಿಂಡರ್ ಹಿಡಿದುಕೊಂಡು ಮೀನು ತೋರಿಸಿ ಮೇಲೆ ತರುತ್ತಾರೆ. ಆಳದ ಮಿತಿ 12 ಮೀಟರ್. ಚೆಂದದ ಅನುಭವ, ಆದರೆ ಅದರಿಂದ ಸ್ವಂತವಾಗಿ ಡೈವ್ ಮಾಡುವ ಅರ್ಹತೆ ಬರುವುದಿಲ್ಲ.

ಅರ್ಹತೆ ಕೊಡುವುದು 'ಓಪನ್ ವಾಟರ್ ಡೈವರ್' ಕೋರ್ಸ್. ಪಾಡಿ, ಎಸ್‌ಎಸ್‌ಐ ಮೊದಲಾದ ಸಂಸ್ಥೆಗಳು ಇದನ್ನು ನಡೆಸುತ್ತವೆ; ಹೆಸರು ಬೇರೆಯಾದರೂ ತಿರುಳು ಹೆಚ್ಚುಕಡಿಮೆ ಒಂದೇ. ಪಾಸಾದವರು ಇನ್ನೊಬ್ಬ ಪ್ರಮಾಣಿತ ಡೈವರ್ ಜೊತೆ 18 ಮೀಟರ್ ಆಳದವರೆಗೆ ತರಬೇತುದಾರರಿಲ್ಲದೆ ಇಳಿಯಬಹುದು. ಪಾಡಿಯಲ್ಲಿ ಕನಿಷ್ಠ ವಯಸ್ಸು 10. ಹತ್ತು-ಹನ್ನೊಂದರ ಮಕ್ಕಳಿಗೆ 12 ಮೀಟರ್ ಮಿತಿ. ಸಮಯ ನಿಜವಾಗಿಯೂ ಕಡಿಮೆ ಇದ್ದರೆ ಪಾಡಿಯ 'ಸ್ಕೂಬಾ ಡೈವರ್' ಎಂಬ ಅರ್ಧ ಕೋರ್ಸ್ ಇದೆ: ಸಮುದ್ರದಲ್ಲಿ ಎರಡೇ ಡೈವ್, 12 ಮೀಟರ್ ಮಿತಿ, ಯಾವಾಗಲೂ ವೃತ್ತಿಪರರ ಜೊತೆಗೇ ಇಳಿಯಬೇಕು. ಉಳಿದರ್ಧವನ್ನು ಆಮೇಲೆ ಮುಗಿಸಬಹುದು. ಇಡೀ ಕೋರ್ಸನ್ನು ಎರಡು ದಿನಕ್ಕೆ ಹಿಂಡುವುದಕ್ಕಿಂತ ಇದು ಎಷ್ಟೋ ಮೇಲು.

ಗಂಟೆಗಳ ಲೆಕ್ಕ

ಓದು ಐದು ಅಧ್ಯಾಯ. ಆನ್‌ಲೈನ್‌ನಲ್ಲಿ ವಿಡಿಯೋ ನೋಡಿ, ಪ್ರಶ್ನೆ ಬಿಡಿಸಿ ಮುಗಿಸಲು 12ರಿಂದ 15 ಗಂಟೆ. ಕೊನೆಯಲ್ಲಿ 50 ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ಶೇ. 75 ಬೇಕು. ಕೊಳದ ಅಭ್ಯಾಸ ಐದು ಭಾಗ. ಉಪಕರಣ ಜೋಡಿಸುವುದು, ಬಿಚ್ಚುವುದು ಸೇರಿ ಏಳೆಂಟು ಗಂಟೆ. ಸಮುದ್ರದ ಡೈವ್ ನಾಲ್ಕು. ಇದರಲ್ಲಿ ಒಂದು ನಿಯಮ ನೆನಪಿಡಿ: ಪಾಡಿಯ ಪ್ರಕಾರ ಕಲಿಯುವವರಿಗೆ ಒಂದೇ ದಿನದಲ್ಲಿ ಮೂರಕ್ಕಿಂತ ಹೆಚ್ಚು ಡೈವ್ ಮಾಡಿಸುವಂತಿಲ್ಲ. ಅಲ್ಲಿಗೆ ಸಮುದ್ರಕ್ಕೇ ಎರಡು ದಿನ ಬೇಕೇ ಬೇಕು.

ನೇತ್ರಾಣಿಯಲ್ಲಂತೂ ಮೂರು ಡೈವ್ ಮಾತೂ ಕಷ್ಟ. ದ್ವೀಪ ಮುರುಡೇಶ್ವರ ತೀರದಿಂದ ಸುಮಾರು 19 ಕಿಲೋಮೀಟರ್ ದೂರ. ದೋಣಿಯಲ್ಲಿ ಹೋಗಲು ಒಂದರಿಂದ ಒಂದೂವರೆ ಗಂಟೆ, ಬರಲು ಅಷ್ಟೇ. ಎರಡು ಡೈವ್, ನಡುವೆ ಒಂದು ಗಂಟೆ ವಿಶ್ರಾಂತಿ ಅಂದರೆ ಬೆಳಿಗ್ಗೆ ಏಳಕ್ಕೆ ಹೊರಟವರು ಮಧ್ಯಾಹ್ನ ಎರಡರ ಮೇಲೆ ದಡ ಸೇರುತ್ತಾರೆ. ಮೂರನೆಯದನ್ನು ಸೇರಿಸಿದರೆ ಸುಸ್ತಾದ ದೇಹಕ್ಕೆ ಕಲಿಸಿದಂತೆ.

ಹಂತ 1: ಮಳೆಗಾಲದಲ್ಲಿ ಓದು, ಈಜು, ಡಾಕ್ಟರ ಸಹಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಿನಲ್ಲಿ ಡೈವಿಂಗ್ ಇಲ್ಲ. ಈ ನಾಲ್ಕು ತಿಂಗಳು ಬಿಟ್ಟರೆ ಓದಿಗೆ ಬೇರೆ ಹೊತ್ತಿಲ್ಲ, ಅದರಲ್ಲೂ ಶಿರಸಿ-ಸಿದ್ದಾಪುರ ಕಡೆಯ ತೋಟದ ಮನೆಯವರಿಗೆ. ನೀರು ತಿಳಿಯಾಗುವ ನವೆಂಬರ್-ಜನವರಿಯಲ್ಲೇ ಅಡಿಕೆಯ ಕೊನೆಕೊಯ್ಲು ಬಂದು ಕೂರುತ್ತದೆ; ಆಗ ಪುಸ್ತಕ ಹಿಡಿಯಲು ಯಾರಿಗೆ ಪುರುಸೊತ್ತು? ಆನ್‌ಲೈನ್ ಪಾಠ ಇಂಗ್ಲಿಷಿನಲ್ಲಿದೆ, ಸರಳ ಇಂಗ್ಲಿಷು. ದಿನಕ್ಕೊಂದು ಗಂಟೆಯಂತೆ ಎರಡು ವಾರದಲ್ಲಿ ಮುಗಿಯುತ್ತದೆ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲಿ ವಿವರಿಸಬಲ್ಲ ತರಬೇತುದಾರರು ಇದ್ದಾರೆಯೇ ಎಂದು ಕೇಂದ್ರದಲ್ಲಿ ಮೊದಲೇ ಕೇಳಿ, ಅದಕ್ಕೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ.

ಈಜಿನ ಪರೀಕ್ಷೆ ಸುಲಭ: 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಸಮಯದ ಗಡುವಿಲ್ಲ, ಶೈಲಿಯ ಕಟ್ಟುಪಾಡಿಲ್ಲ. ಹೊಳೆಯಲ್ಲಿ ತಲೆ ಎತ್ತಿ ಈಜಿ ಕಲಿತವರೂ ಪಾಸಾಗುತ್ತಾರೆ. 25 ಮೀಟರ್ ಕೊಳವಾದರೆ ಎಂಟು ಸಲ. ಈಜು ಬಾರದವರು ಅದನ್ನು ಕೋರ್ಸಿನ ನಡುವೆ ಕಲಿಯಲು ಹೊರಡಬೇಡಿ. ಅದಕ್ಕೆ ತಿಂಗಳೊಪ್ಪತ್ತು ಬೇರೆಯೇ ಬೇಕು.

ಹೊಳೆಯಲ್ಲಿ ಬೆಳೆದವರಿಗೆ ಒಂದು ಎಚ್ಚರಿಕೆ. ಉಸಿರು ಕಟ್ಟಿ ಮುಳುಗುವುದು, ತಳದಿಂದ ಬಳಚು ಹೆಕ್ಕಿ ಮೇಲೆ ಬರುವುದು ನಮ್ಮವರಿಗೆ ರಕ್ತದಲ್ಲೇ ಬಂದಿರುತ್ತದೆ. ಸ್ಕೂಬಾದಲ್ಲಿ ಇದೇ ಅಪಾಯದ ಮೂಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರ್‌ನಿಂದ ಎದೆ ತುಂಬ ಗಾಳಿ ಎಳೆದು, ಉಸಿರು ಕಟ್ಟಿ ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಜಾಗ ಕೇಳುತ್ತದೆ, ಶ್ವಾಸಕೋಶ ಹರಿಯಬಹುದು. ಸಿಲಿಂಡರ್ ಇಲ್ಲದೆ ಮುಳುಗಿದವನಿಗೆ ಈ ತೊಂದರೆ ಇಲ್ಲ, ಅವನು ಗಾಳಿ ಒಯ್ದದ್ದು ಮೇಲಿನಿಂದಲೇ. ಆದ್ದರಿಂದ ಒಳ್ಳೆಯ ಮುಳುಗುಗಾರನಿಗೆ ಹಳೆಯ ರೂಢಿ ಬಿಡಿಸಲು ಕೊಳದಲ್ಲಿ ಅರ್ಧ ದಿನ ಹೆಚ್ಚೇ ಹಿಡಿದೀತು. (ಸಿಲಿಂಡರ್‌ನಲ್ಲಿರುವುದು ಆಕ್ಸಿಜನ್ ಅಲ್ಲ, ಸೋಸಿ ಒತ್ತಿ ತುಂಬಿದ ಮಾಮೂಲಿ ಗಾಳಿ. 'ಆಕ್ಸಿಜನ್ ಸಿಲಿಂಡರ್' ಅನ್ನುವ ಮಾತು ಎಲ್ಲರ ಬಾಯಲ್ಲೂ ಬರುತ್ತದೆ.)

ಆರೋಗ್ಯದ ಪ್ರಶ್ನಾವಳಿಯಲ್ಲಿ ಮೊದಲ ಪುಟದಲ್ಲಿ ಹತ್ತು ಪ್ರಶ್ನೆಗಳಿವೆ. ಆಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಸಕ್ಕರೆ ಕಾಯಿಲೆ, ಕಿವಿ-ಸೈನಸ್ ಶಸ್ತ್ರಚಿಕಿತ್ಸೆ ಇಂಥದ್ದಕ್ಕೆ 'ಹೌದು' ಎಂದಾದರೆ ಡಾಕ್ಟರ ಸಹಿ ಇಲ್ಲದೆ ನೀರಿಗೆ ಇಳಿಸುವಂತಿಲ್ಲ. ಬಹಳ ಜನ ಈ ಕಾಗದ ನೋಡುವುದೇ ಮೊದಲ ದಿನ ಬೆಳಿಗ್ಗೆ; ಭಾನುವಾರ ಡಾಕ್ಟರನ್ನು ಹುಡುಕುತ್ತ ಒಂದು ದಿನ ಕಳೆಯುತ್ತದೆ. ಅರ್ಜಿಯನ್ನು ತಿಂಗಳ ಮೊದಲೇ ತರಿಸಿಕೊಳ್ಳಿ. ಸುಳ್ಳು 'ಇಲ್ಲ' ಬರೆಯುವುದಂತೂ ಬೇಡ. ಗರ್ಭಿಣಿಯರು ಡೈವ್ ಮಾಡಬಾರದು.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ ಕೋರ್ಸಿನ ಅರ್ಧ ದಿನ ಉಳಿಸುತ್ತದೆ. ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿ, ಮಾಸ್ಕ್ (ಕಣ್ಣು-ಮೂಗು ಮುಚ್ಚುವ ಗಾಜಿನ ಕವಚ) ಹಾಕದೆ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಕಚ್ಚಿ, ಮುಖ ಮುಳುಗಿಸಿ ಬಾಯಿಂದ ಮಾತ್ರ ಉಸಿರಾಡಿ. ಮೂಗಿಗೆ ನೀರು ತಾಗಿದರೂ ಬಾಯಿಂದ ಉಸಿರು ಸಾಗುತ್ತದೆ ಎಂದು ಮೆದುಳಿಗೆ ಅಭ್ಯಾಸವಾಗಬೇಕು. ದಿನಕ್ಕೆ ಎರಡು ನಿಮಿಷ, ಒಂದು ವಾರ. ಪಕ್ಕದಲ್ಲಿ ಒಬ್ಬರು ಇರಲಿ.

ಹಂತ 2: ಕೊಳದ ಎರಡು ದಿನ

ದಿನಗಳನ್ನು ನುಂಗುವುದು ಇದೇ ಭಾಗ, ಹಾಗೆಯೇ ಅವಸರದ ಕೋರ್ಸುಗಳು ಮೊದಲು ಕತ್ತರಿಸುವುದೂ ಇದನ್ನೇ.

ಮೊದಲ ದಿನ ಉಪಕರಣದ ಪರಿಚಯದಿಂದ ಶುರು. ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ) ಜಾಕೆಟ್ಟಿನ ಪಟ್ಟಿಯನ್ನು ಸಿಲಿಂಡರ್‌ಗೆ ಬಿಗಿದು ಎತ್ತಿ ನೋಡಬೇಕು, ಜಾರಬಾರದು. ವಾಲ್ವಿನ ಬಾಯಲ್ಲಿ ರಬ್ಬರ್ ಉಂಗುರ ಇದೆಯೇ, ಹರಿದಿಲ್ಲವೇ ನೋಡಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್ ಕೂಡಿಸಬೇಕು. ಬಾಯಿಗೆ ಬರುವ ಕೊಳವೆ ಬಲಗಡೆ ಇರಬೇಕು. ವಾಲ್ವ್ ನಿಧಾನ ತಿರುಗಿಸಿ ಪೂರ್ತಿ ತೆರೆಯಿರಿ. ಗಾಳಿಯೊತ್ತಡ ತೋರಿಸುವ ಮೀಟರ್ ನೋಡುತ್ತ ನಾಲ್ಕು ಸಲ ಉಸಿರಾಡಿ: ಮುಳ್ಳು ಉಸಿರಿನೊಂದಿಗೆ ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಇದನ್ನು ಪ್ರತಿ ಸಲವೂ ಕಲಿಯುವವರೇ ಮಾಡಬೇಕು. ಸಿಬ್ಬಂದಿಯೇ ಜೋಡಿಸಿ ಬೆನ್ನಿಗೆ ಹಾಕುತ್ತಿದ್ದರೆ ನಿಮ್ಮ ಕೋರ್ಸು ಟ್ರೈ ಡೈವ್ ಆಗುತ್ತಿದೆ ಎಂದೇ ತಿಳಿಯಿರಿ.

ನೀರೊಳಗೆ ಮೊದಲು ಬರುವುದು ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತೆ ಹಾಕುವುದು. ಅದು ಬಾಯಲ್ಲಿ ಇಲ್ಲದಷ್ಟು ಹೊತ್ತೂ ಸಣ್ಣಗೆ ಗುಳ್ಳೆ ಬಿಡುತ್ತಿರಬೇಕು. ಇದು ಬಹುತೇಕರಿಗೆ ಐದು ನಿಮಿಷದ ಪಾಠ. ಮಾಸ್ಕಿನ ಪಾಠ ಹಾಗಲ್ಲ.

ಮಾಸ್ಕಿನಲ್ಲಿ ನೀರು ತುಂಬಿಸಿ ಹೊರಹಾಕಬೇಕು. ಆಮೇಲೆ ಮಾಸ್ಕನ್ನೇ ತೆಗೆದು ಒಂದು ನಿಮಿಷ ಉಸಿರಾಡಿ, ಮತ್ತೆ ಹಾಕಿ ನೀರು ತೆಗೆಯಬೇಕು. ಕ್ರಮ ಇಷ್ಟೇ: ಬಾಯಿಂದ ಉಸಿರು ಎಳೆದು, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮೇಲೆ ನೋಡುತ್ತ ಮೂಗಿನಿಂದ ಉದ್ದಕ್ಕೆ ಊದಿದರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ತಪ್ಪುವುದು ಮೂರು ಕಡೆ. ಮೂಗಿನಿಂದ ಊದುವ ಬದಲು ಎಳೆಯುವುದು. ಮೇಲಂಚಿನ ಬದಲು ಕೆಳ ಅಂಚನ್ನು ಒತ್ತುವುದು, ಆಗ ನೀರಿಗೆ ದಾರಿಯೇ ಇಲ್ಲ. ಮಾಸ್ಕಿನ ರಬ್ಬರ್ ಅಂಚಿನಡಿ ಕೂದಲು ಅಥವಾ ಮೀಸೆ ಸಿಕ್ಕಿ ಸೋರುತ್ತಲೇ ಇರುವುದು. ಮೀಸೆಯವರು ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿಕೊಂಡರೆ ಸಾಕು, ಇಲ್ಲವೇ ಅಲ್ಲಿ ವ್ಯಾಸಲೀನ್ ಸವರಬೇಕು. ಈ ಒಂದು ಪಾಠಕ್ಕೆ ಕೆಲವರಿಗೆ ಹತ್ತು ನಿಮಿಷ, ಕೆಲವರಿಗೆ ಎರಡು ಗಂಟೆ. ಎರಡು ಗಂಟೆ ಹಿಡಿದವರು ದಡ್ಡರಲ್ಲ. ಕೊಳದಲ್ಲಿ ಸರಿಯಾಗಿ ಬಾರದೆ ಸಮುದ್ರಕ್ಕೆ ಹೋದವರೇ 10 ಮೀಟರ್ ಆಳದಲ್ಲಿ ಗಾಬರಿಯಾಗಿ ಮೇಲಕ್ಕೆ ಚಿಮ್ಮುವುದು.

ಎರಡನೆಯ ದಿನ ತೇಲುವಿಕೆಯ ಹತೋಟಿ: ತಳ ಮುಟ್ಟದೆ, ಮೇಲಕ್ಕೂ ಏಳದೆ ಸ್ವಲ್ಪ ಹೊತ್ತು ನಿಲ್ಲಬೇಕು. ಜಾಕೆಟ್ಟಿಗೆ ಗಾಳಿ ಹಾಕಿದ ಪರಿಣಾಮ ತಿಳಿಯಲು ಒಂದೆರಡು ಸೆಕೆಂಡು ಹಿಡಿಯುತ್ತದೆ. ಕಾಯದವರು ಇನ್ನೊಮ್ಮೆ ಒತ್ತಿ ಬಲೂನಿನಂತೆ ಏಳುತ್ತಾರೆ. ಜೊತೆಗೆ ಸಂಗಾತಿಯ ಹೆಚ್ಚುವರಿ ರೆಗ್ಯುಲೇಟರಿನಿಂದ ಉಸಿರಾಡುವುದು, ತೂಕದ ಬೆಲ್ಟ್ ಬಿಚ್ಚಿ ಕಟ್ಟುವುದು, ಸುಸ್ತಾದವರನ್ನು ಎಳೆದು ತರುವುದು, 9 ಮೀಟರ್ ದೂರ ಒಂದೇ ಉಸಿರು ಬಿಡುತ್ತ ಸಾಗುವ ತುರ್ತು ಅಭ್ಯಾಸ.

ಎರಡನೇ ದಿನ ಸಂಜೆ ಒಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ: ಮಾಸ್ಕ್ ತೆಗೆಯಲು ಹೇಳಿದರೆ ಎದೆ ಹೊಡೆದುಕೊಳ್ಳುತ್ತದೆಯೇ? ಹೌದಾದರೆ ಇನ್ನೊಂದು ಅರ್ಧ ದಿನ ಕೊಳ ಕೇಳಿ ಪಡೆಯಿರಿ. ಎರಡು ವಾರಾಂತ್ಯದ ಯೋಜನೆಯ ಲಾಭ ಇಲ್ಲೇ ಕಾಣುವುದು: ಮರುದಿನ ಬೆಳಿಗ್ಗೆ ದೋಣಿ ಕಾಯುತ್ತಿರುವುದಿಲ್ಲ. ಆದರೆ ಕೊಳಕ್ಕೂ ಸಮುದ್ರಕ್ಕೂ ನಡುವೆ ಎರಡು-ಮೂರು ವಾರಕ್ಕಿಂತ ಹೆಚ್ಚು ಬಿಡಬೇಡಿ, ಕೈ ಮರೆಯುತ್ತದೆ. ಓದು ಮತ್ತು ಕೊಳ ಒಂದು ಊರಿನಲ್ಲಿ ಮುಗಿಸಿ ಸಮುದ್ರವನ್ನು ಬೇರೆ ಕಡೆ ಮಾಡುವ 'ರೆಫರಲ್' ಪದ್ಧತಿಗೆ ಪಾಡಿಯಲ್ಲಿ 12 ತಿಂಗಳ ಅವಕಾಶ ಇದೆ. ಆದರೂ ಅಷ್ಟು ತಡ ಮಾಡಿದವರು ಮತ್ತೊಮ್ಮೆ ಕೊಳಕ್ಕಿಳಿಯುವುದೇ ವಾಸಿ.

ಹಂತ 3: ನೇತ್ರಾಣಿಯ ಎರಡು ದಿನ

ಡೈವಿಂಗ್ ಋತು ಅಕ್ಟೋಬರ್‌ನಿಂದ ಮೇವರೆಗೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಶರಾವತಿ, ಅಘನಾಶಿನಿ ಹೊಳೆಗಳ ಕೆಂಪು ನೀರು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಕಲಿಯುವವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಯಾವ ತಿಂಗಳಾದರೂ ಒಂದು ದಿನ ಕೈಯಲ್ಲಿ ಹೆಚ್ಚು ಇರಲಿ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಬಿಡಲೂಬಾರದು.

ಹಿಂದಿನ ರಾತ್ರಿ ಮದ್ಯ ಬೇಡ, ನಿದ್ದೆ ಬೇಕು. ದೋಣಿಯಲ್ಲಿ ವಾಂತಿಯಾಗುವವರು ಅದರ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ದೋಣಿಯಲ್ಲಿ ತಲೆ ಸುತ್ತಿದ ಮೇಲೆ ನುಂಗಿ ಫಲವಿಲ್ಲ. ಕೆಲವು ಮಾತ್ರೆಗಳಿಂದ ತೂಕಡಿಕೆ ಬರುತ್ತದೆ, ಆದ್ದರಿಂದ ಡಾಕ್ಟರನ್ನು ಕೇಳಿ, ವಾರದ ಮೊದಲು ಮನೆಯಲ್ಲೇ ಒಂದು ತಿಂದು ನೋಡಿ. ಬೆಳಿಗ್ಗೆ ಅವಲಕ್ಕಿಯೋ ಇಡ್ಲಿಯೋ ಸಾಕು. ಎಣ್ಣೆಯಲ್ಲಿ ಕರಿದ ಬನ್ಸ್ ವಾಪಸು ಬಂದ ಮೇಲೆ. ಖಾಲಿ ಹೊಟ್ಟೆಯೂ ಬೇಡ. ಕವಳದ ಸಂಚಿ ದಡದಲ್ಲೇ ಇರಲಿ, ಅಡಿಕೆ ಚೂರು ಬಾಯಲ್ಲಿಟ್ಟುಕೊಂಡು ರೆಗ್ಯುಲೇಟರ್ ಕಚ್ಚುವ ಸಾಹಸ ಬೇಡ.

ಮೊದಲೆರಡು ಡೈವ್‌ಗಳ ಮಿತಿ 12 ಮೀಟರ್, ಕೊನೆಯೆರಡರದ್ದು 18. ಒಂದೊಂದೂ ಕನಿಷ್ಠ 20 ನಿಮಿಷ ನೀರೊಳಗೆ ಇರಬೇಕು. ಕೊಳದಲ್ಲಿ ಕಲಿತದ್ದನ್ನು ಇಲ್ಲಿ ಮತ್ತೆ ಮಾಡಿ ತೋರಿಸಬೇಕು. ಜೊತೆಗೆ ದಿಕ್ಸೂಚಿ ಹಿಡಿದು ನೇರ ಹೋಗಿ ಬರುವುದು, 6ರಿಂದ 9 ಮೀಟರ್ ಆಳದಿಂದ ಉಸಿರು ಬಿಡುತ್ತ ನಿಧಾನ ಏರುವ ತುರ್ತು ಅಭ್ಯಾಸ.

ಇಲ್ಲಿ ತಡವಾಗುವುದು ಬಹುಪಾಲು ಕಿವಿಯಿಂದ. ಒತ್ತಡದ ದೊಡ್ಡ ಬದಲಾವಣೆ ಮೊದಲ ಹತ್ತು ಮೀಟರಿನಲ್ಲೇ ಆಗುತ್ತದೆ. ಹೀಗಾಗಿ ನೀರಿಗಿಳಿದ ಕೂಡಲೇ, ನೋವು ಬರುವ ಮೊದಲೇ, ಪ್ರತಿ ಅರ್ಧ-ಮುಕ್ಕಾಲು ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ. ಕಿವಿ ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು. ನೆಗಡಿ ಇದ್ದರೆ ಅಂದಿನ ಡೈವ್ ಬಿಡಿ. ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿದರೆ ಅದರ ಪ್ರಭಾವ ನೀರೊಳಗೇ ಇಳಿದು, ಮೇಲೆ ಬರುವಾಗ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಒಂದು ದಿನ ಹೆಚ್ಚು ಇಟ್ಟವನಿಗೆ ನೆಗಡಿ ತಾಪತ್ರಯವಲ್ಲ. ಭಾನುವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದವನು ಮಾತ್ರ ಕಿವಿ ಒಡೆದುಕೊಂಡಾದರೂ ಇಳಿಯುತ್ತಾನೆ.

ಮುಳುಗಲು ಕಟ್ಟುವ ಬೆಲ್ಟಿನ ತೂಕವೂ ಸರಿ ಇರಲಿ. ಉಪ್ಪುನೀರಿನಲ್ಲಿ ಜಾಕೆಟ್ ಖಾಲಿ ಮಾಡಿ, ಸಾಮಾನ್ಯ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ಪರೀಕ್ಷಿಸಿದರೆ ಸುಮಾರು 2 ಕಿಲೋ ಸೇರಿಸಬೇಕು, ಏಕೆಂದರೆ ಡೈವ್ ಮುಗಿಯುವಾಗ ಅಷ್ಟು ತೂಕದ ಗಾಳಿ ಖಾಲಿಯಾಗಿರುತ್ತದೆ. ಹೊಸಬರನ್ನು ಬೇಗ ಮುಳುಗಿಸಲು ಹೆಚ್ಚು ಸೀಸ ಕಟ್ಟುವ ಚಾಳಿ ಕೆಲವು ಕಡೆ ಇದೆ. ಆಮೇಲೆ ಅವರು ತಳದ ಹವಳಕ್ಕೆ ಉಜ್ಜಿಕೊಂಡೇ ಸಾಗುತ್ತಾರೆ.

ಗಾಳಿಯ ಲೆಕ್ಕದಲ್ಲಿ ಅವಸರದ ಬೆಲೆ ಗೊತ್ತಾಗುತ್ತದೆ. ಸಾಮಾನ್ಯ ಸಿಲಿಂಡರ್ 11 ಲೀಟರ್, 200 ಬಾರ್ (ಬಾರ್ ಅಂದರೆ ಗಾಳಿಯೊತ್ತಡದ ಅಳತೆ). 50 ಬಾರ್ ಮೀಸಲು ಬಿಟ್ಟರೆ ಬಳಸಲು ಸಿಗುವುದು 150 × 11 = 1650 ಲೀಟರ್. ಸಮಾಧಾನದಿಂದಿರುವ ಹೊಸಬ ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ 10 ಮೀಟರ್‌ನಲ್ಲಿ 40. ಅಂದರೆ 41 ನಿಮಿಷ. ಗಾಬರಿಯವನಿಗೆ 30 ಲೀಟರ್ ಬೇಕೆಂದರೆ ಅಲ್ಲಿ 60; 27 ನಿಮಿಷಕ್ಕೆ ಮುಗಿಯಿತು. ಕೊಳದಲ್ಲಿ ಉಳಿಸಿದ ಒಂದು ಗಂಟೆಯನ್ನು ಸಮುದ್ರದಲ್ಲಿ ಹೀಗೆ ತೆರಬೇಕಾಗುತ್ತದೆ. 100 ಬಾರ್‌ಗೆ ತರಬೇತುದಾರರಿಗೆ ಸನ್ನೆ ಮಾಡಿ, ಮೇಲೆ ಬರುವಾಗ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ.

ಹಂತ 4: ಮುಗಿದ ಮೇಲೆ ಘಟ್ಟ ಹತ್ತುವ ಮುನ್ನ

ಯಾರೂ ಕೋರ್ಸಿನ ದಿನಗಳಲ್ಲಿ ಲೆಕ್ಕಕ್ಕೆ ಹಿಡಿಯದ ಅರ್ಧ ದಿನ ಇದು. ಡೈವ್ ಮಾಡಿದ ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಹೊತ್ತು ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಗುಳ್ಳೆಯಾಗುತ್ತದೆ. ವಿಮಾನಕ್ಕೆ ಇರುವ ಸಲಹೆ ಎಲ್ಲರೂ ಕೇಳಿದ್ದೇ: ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ. ಆ ಸಲಹೆ ಹೇಳಿರುವುದು ಸುಮಾರು 600ರಿಂದ 2400 ಮೀಟರ್ ಎತ್ತರಕ್ಕೆ ಸಮನಾದ ಗಾಳಿಯೊತ್ತಡಕ್ಕೆ. ಶಿರಸಿ ಆ ಗಡಿಯ ಹತ್ತಿರದಲ್ಲೇ ಇದೆ. ಬೆಂಗಳೂರು 900 ಮೀಟರ್. ಮಧ್ಯಾಹ್ನ ನಾಲ್ಕನೇ ಡೈವ್ ಮುಗಿಸಿ ಸಂಜೆಯೇ ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆ ಘಟ್ಟವನ್ನೋ ಹತ್ತುವುದು ಜಾಣತನವಲ್ಲ. ಒಂದು ಗಂಟೆಗೆ ನೀರಿನಿಂದ ಎದ್ದವರಿಗೆ ಮರುದಿನ ಬೆಳಿಗ್ಗೆ ಏಳಕ್ಕೆ 18 ಗಂಟೆ ತುಂಬುತ್ತದೆ. ಆ ರಾತ್ರಿ ತೀರದಲ್ಲೇ ಉಳಿಯಿರಿ. ಹೆದ್ದಾರಿ 66ರಲ್ಲೇ ಕಾರವಾರಕ್ಕೋ ಭಟ್ಕಳಕ್ಕೋ ಹೋಗುವವರಿಗೆ ಈ ತೊಂದರೆ ಇಲ್ಲ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಕೊಳದ ಐದು ಭಾಗಗಳನ್ನು ಎಲ್ಲಿ, ಎಷ್ಟು ಹೊತ್ತು ಮಾಡಿಸುತ್ತೀರಿ? ಉತ್ತರ ತಡವರಿಸಿದರೆ ಮುಂದಿನ ಕೇಂದ್ರ ನೋಡಿ. ಒಬ್ಬ ತರಬೇತುದಾರರಿಗೆ ಎಷ್ಟು ಜನ? ಪಾಡಿ ಸಮುದ್ರದಲ್ಲಿ ಎಂಟರವರೆಗೆ ಬಿಡುತ್ತದೆ, ಆದರೆ ನಾಲ್ಕು ಮೀರದಿದ್ದರೆ ಒಳ್ಳೆಯದು. ಎಂಟು ಜನ ಸರದಿಯಲ್ಲಿ ಮಾಸ್ಕ್ ತೆಗೆಯುವಷ್ಟರಲ್ಲಿ ಉಳಿದವರ ಗಾಳಿ ಮುಗಿದಿರುತ್ತದೆ. ಆನ್‌ಲೈನ್ ಪಾಠ, ಕಾರ್ಡ್, ದೋಣಿ ಎಲ್ಲ ಶುಲ್ಕದಲ್ಲೇ ಇವೆಯೇ? ಹೆಚ್ಚುವರಿ ಕೊಳದ ಅಭ್ಯಾಸಕ್ಕೆ, ಹವಾಮಾನದಿಂದ ತಪ್ಪಿದ ದಿನಕ್ಕೆ ಎಷ್ಟು? ದೋಣಿಯಲ್ಲಿ ಪ್ರಥಮ ಚಿಕಿತ್ಸೆಯ ಆಕ್ಸಿಜನ್ ಇದೆಯೇ? ಕಲಿಸುವವರ ತರಬೇತುದಾರ ಸಂಖ್ಯೆ ಕೇಳಿ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಲು ಸಂಕೋಚ ಬೇಡ.

ನಾಲ್ಕು ದಿನ ಮುಗಿದರೂ ಒಂದು ಪಾಠ ಬಾರದಿದ್ದರೆ ಕಾರ್ಡ್ ಕೊಡದಿರುವುದೇ ನಿಯಮ. ಕೋರ್ಸ್ ಪಾಸಾಗುವುದು ದಿನ ತುಂಬಿದ್ದಕ್ಕಲ್ಲ, ಕೆಲಸ ಬಂದದ್ದಕ್ಕೆ. ಇನ್ನೊಂದು ದಿನ ಬನ್ನಿ ಎಂದ ತರಬೇತುದಾರರ ಮೇಲೆ ಸಿಟ್ಟಾಗಬೇಡಿ. ಕಾರ್ಡ್‌ಗೆ ಅವಧಿ ಮುಗಿಯುವುದೆಂಬುದು ಇಲ್ಲ, ಆದರೆ ಮೇಯಲ್ಲಿ ಕೊನೆಯ ಡೈವ್ ಮಾಡಿ ನವೆಂಬರ್‌ನಲ್ಲಿ ಮತ್ತೆ ಹೊರಟರೆ ಮೊದಲು ಒಂದು ಗಂಟೆ ಕೊಳಕ್ಕಿಳಿದು ಮಾಸ್ಕ್ ತೆಗೆದು ಹಾಕಿ ನೋಡಿಕೊಂಡು ಆಮೇಲೆ ದೋಣಿ ಹತ್ತಿ.